ಮಹಾನಗರದಲ್ಲಿ ಶ್ರಾವಕನ ಸಂಜೆ

ಕರ್ನಾಟಕದ ಜೈನ ಮನೆಗಳಿಂದ ಮುಂಬಯಿಗೆ ಹೋಗಿ ತಿಂಗಳೊಪ್ಪತ್ತು ನಿಲ್ಲುವವರು ಕಡಿಮೆಯೇನಿಲ್ಲ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋದವರು, ಮಗಳ ಬಾಣಂತನಕ್ಕೆಂದು ಹೋದ ತಾಯಂದಿರು, ಪರೀಕ್ಷೆಗೆ ಓದುವ ಹುಡುಗರು, ಕಾಳಬಾದೇವಿಯ ಪೇಟೆಗೆ ಬಟ್ಟೆ ಖರೀದಿಗೆ ಹೋದ ವರ್ತಕರು, ಹೀಗೆ ಕಾರಣಗಳು ಹಲವು. ಬೆಳಗಾವಿ, ಹುಬ್ಬಳ್ಳಿ, ಕಾರ್ಕಳ, ಮೂಡುಬಿದಿರೆಗಳಲ್ಲಿ ಬಸದಿಯ ಜಗಲಿಯ ಮೇಲೆ ಇವರ ಮಾತು ಬಂದಾಗ ಹಿರಿಯರ ತೀರ್ಪು ಸಿದ್ಧವಾಗಿರುತ್ತದೆ: “ಪಟ್ಟಣಕ್ಕೆ ಹೋದವ ಧರ್ಮ ಕಳೆದುಕೊಂಡು ಬಂದ.” ಅದೇ ಜಗಲಿಯ ಇನ್ನೊಂದು ಮೂಲೆಯಿಂದ ಸಮಾಧಾನದ ಮಾತೂ ಕೇಳಿಬರುತ್ತದೆ: “ಮುಂಬಯಿಯಲ್ಲಿ ಏನು ಚಿಂತೆ? ಎಲ್ಲಿ ಹೋದರೂ ಜೈನ್ ಊಟ ಸಿಗುತ್ತದೆ.” ಈ ಎರಡು ಮಾತುಗಳೂ ತಪ್ಪು. ಮೊದಲನೆಯದು ಶಾಸ್ತ್ರವನ್ನು ತೆರೆದು ನೋಡದವರ ಮಾತು. ಎರಡನೆಯದು ಹೋಟೆಲಿನ ದರಪಟ್ಟಿಯನ್ನೇ ಶಾಸ್ತ್ರವೆಂದು ಓದಿದವರ ಮಾತು.

ಪಟ್ಟಣದಲ್ಲಿ ಧರ್ಮವನ್ನು ಕೆಡಿಸುತ್ತವೆ ಎನ್ನಲಾಗುವ ಸುಖಗಳಾದರೂ ಯಾವುವು? ಮಾಟುಂಗದ ಹೂವಿನ ಅಂಗಡಿಗಳ ಸಾಲಿನಲ್ಲಿ ಮಲ್ಲಿಗೆಯ ಪರಿಮಳದ ನಡುವೆ ನಡೆದುಹೋಗುವುದು. 1942ರಲ್ಲಿ ರಾಮ ನಾಯಕರು ಅಲ್ಲಿಯೇ ಆರಂಭಿಸಿದ ಬೋರ್ಡಿಂಗಿನಂಥ ಉಡುಪಿಯವರ ಊಟದ ಮನೆಯಲ್ಲಿ ಬಾಳೆಲೆಯ ಮುಂದೆ ಕುಳಿತಾಗ ಊರಿನ ಮಾತು ಕಿವಿಗೆ ಬೀಳುವುದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ಸಂಜೆ ಕನ್ನಡ ನಾಟಕವನ್ನೋ ಸಂಗೀತವನ್ನೋ ಕೇಳುವುದು. ಲೋಕಲ್ ರೈಲಿನಲ್ಲಿ ಅಪರೂಪಕ್ಕೆ ದೊರೆತ ಕಿಟಕಿಯ ಪಕ್ಕದ ಜಾಗ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕಾಸು ಕೊಡದೆ ಸಿಗುವ ಸಮುದ್ರದ ಗಾಳಿ. ಇಡೀ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಚೀಟಿ ಹಿಡಿದು ನಿಂತ ಮನುಷ್ಯನಿಗೆ ಆ ಗಾಳಿ ಪಾಪವೆಂದು ಊರಿನಲ್ಲಿ ಕುಳಿತು ಹೇಳುವವರಿಗೆ ಸ್ವಲ್ಪ ಸಂಕೋಚವಾದರೂ ಇರಬೇಕಾಗಿತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸುಖಗಳ ಪಟ್ಟಿಯನ್ನೇ ಕೊಟ್ಟಿದ್ದಾರೆ. ಊಟ, ವಾಹನ, ಹಾಸಿಗೆ, ಸ್ನಾನ, ಮೈಗೆ ಪೂಸುವ ಗಂಧ, ಹೂವು, ತಾಂಬೂಲ, ಉಡುಗೆ, ಒಡವೆ, ದಾಂಪತ್ಯಸುಖ, ಸಂಗೀತ, ಗೀತ. ಇವುಗಳಲ್ಲಿ ಒಮ್ಮೆ ಅನುಭವಿಸಿದರೆ ಮುಗಿಯುವುದು ಭೋಗ. ಮತ್ತೆ ಮತ್ತೆ ಬಳಸಲು ಬರುವುದು ಉಪಭೋಗ. ಇವನ್ನೆಲ್ಲ ಗೃಹಸ್ಥನು ಇಂದೇ ತೊರೆದುಬಿಡಲಿ ಎಂದು ಆಚಾರ್ಯರು ಹೇಳಲಿಲ್ಲ. ಅವರು ಹೇಳಿದ್ದು ಪರಿಮಾಣ. ಬದುಕಿರುವವರೆಗೆ ಬಿಟ್ಟರೆ ಅದು ಯಮ. ಕಾಲವನ್ನು ಗೊತ್ತುಮಾಡಿ ಬಿಟ್ಟರೆ ಅದು ನಿಯಮ. ಆ ಕಾಲವನ್ನೂ ಅವರು ಎಣಿಸಿ ಕೊಟ್ಟಿದ್ದಾರೆ: ಇಂದು, ಒಂದು ಹಗಲು, ಒಂದು ರಾತ್ರಿ, ಪಕ್ಷ, ತಿಂಗಳು, ಋತು, ಅಯನ. ಅಂಗಡಿಯ ಲೆಕ್ಕದ ಪುಸ್ತಕವನ್ನು ಬಲ್ಲವನಿಗೆ ಇದು ತಟ್ಟನೆ ಅರ್ಥವಾಗುವ ಕ್ರಮ. ಖರ್ಚು ಮಾಡಬಾರದೆಂದಲ್ಲ, ಬರೆಯದೆ ಖರ್ಚು ಮಾಡಬಾರದು.

ಮಹಾನಗರದ ವಾಸಕ್ಕೆ ಇದಕ್ಕಿಂತ ಹೊಂದುವ ವ್ರತ ಬೇರೊಂದಿಲ್ಲ. ಹೆಂಡತಿಯ ಚಿಕಿತ್ಸೆಗೆಂದು ಎರಡು ತಿಂಗಳು ಮುಂಬಯಿಯಲ್ಲಿ ನಿಲ್ಲಬೇಕಾದ ಒಬ್ಬ ಗೃಹಸ್ಥನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಎರಡು ತಿಂಗಳೆಂದರೆ ಆಚಾರ್ಯರು ಹೇಳಿದ ಒಂದು ಋತು. ಹೊರಡುವ ಮುನ್ನ ಅವನು ಬಸದಿಯಲ್ಲಿ ನಿಂತು ನಿಯಮ ತೆಗೆದುಕೊಳ್ಳಲಿ: ಈ ಋತುವಿನಲ್ಲಿ ಎರಡು ಜೊತೆ ಹೊಸ ಬಟ್ಟೆಗಿಂತ ಹೆಚ್ಚು ಕೊಳ್ಳುವುದಿಲ್ಲ, ವಾರಕ್ಕೆ ಒಂದು ಸಂಜೆ ಸಮುದ್ರದ ದಂಡೆ, ತಿಂಗಳಿಗೆ ಒಂದು ಸಲ ಸಂಗೀತ, ಹೊರಗಿನ ತಿಂಡಿ ಹಗಲಿನಲ್ಲಿ ಮಾತ್ರ, ಅದೂ ಒಂದು ಹೊತ್ತು. ದೇಶಾವಕಾಶಿಕದ ಮಾತು ಬೇಕಾದರೆ, ಮನೆ, ಗ್ರಾಮ, ಹೊಲ, ನದಿಗಳನ್ನು ಎಲ್ಲೆಯಾಗಿ ಇಟ್ಟುಕೊಳ್ಳಲು ಅದೇ ಗ್ರಂಥ ಹೇಳುತ್ತದೆ. ನದಿಯಿಲ್ಲದ ಕಡೆ ರೈಲು ಹಳಿಯೇ ಎಲ್ಲೆಯಾಗಲಿ: ಇಂದು ದಾದರಿನ ಆಚೆ ಹೋಗುವುದಿಲ್ಲ ಎಂದರೆ ಸಾಕು. ಹೀಗೆ ಹೋದವನು ಆ ಸಂಜೆಯ ಸಮುದ್ರವನ್ನು ಕದ್ದು ನೋಡಬೇಕಾಗಿಲ್ಲ. ವಾರಕ್ಕೆ ಒಂದೇ ಎಂದು ಎಣಿಸಿಕೊಂಡವನಿಗೆ ಆ ಒಂದು ಸಂಜೆ ದಿನವೂ ಹೋಗುವವನಿಗಿಂತ ಹೆಚ್ಚು ಸವಿಯಾಗಿರುತ್ತದೆ ಎಂಬುದು ಬೇರೆ ಮಾತು.

ಇಲ್ಲಿ ಪಂಡಿತರಾದವರು ಒಂದು ಆಕ್ಷೇಪ ಎತ್ತಬಹುದು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದರ ಜೊತೆಗೆ ಸುಮ್ಮನೆ ತಿರುಗಾಡುವುದನ್ನೂ ಆಚಾರ್ಯರು ಅಲ್ಲಿ ಸೇರಿಸಿದ್ದಾರಲ್ಲ? ಸೇರಿಸಿದ್ದಾರೆ, ನಿಜ. ಆದರೆ ‘ವಿಫಲ’ ಎಂಬ ಮಾತನ್ನೂ ಅಲ್ಲಿಯೇ ಇಟ್ಟಿದ್ದಾರೆ. ಫಲವಿಲ್ಲದ ಕ್ರಿಯೆ ದೋಷ. ರೋಗಿಯ ಹಾಸಿಗೆಯ ಬಳಿಗೆ ಮರುದಿನ ಪ್ರಸನ್ನವಾದ ಮುಖ ಹೊತ್ತು ಹೋಗಲು ಶಕ್ತಿ ಕೊಡುವ ಅರ್ಧ ತಾಸಿನ ನಡಿಗೆಗೆ ಫಲವಿಲ್ಲವೆಂದು ಯಾರು ಹೇಳಬಲ್ಲರು? ಅದೇ ಹೊತ್ತಿನಲ್ಲಿ ಕೋಣೆಯಲ್ಲಿಯೇ ಮಲಗಿ, ಮೊಬೈಲಿನ ಪರದೆಯ ಮೇಲೆ ಕಂಡವರ ಜಗಳಗಳನ್ನು ಒಂದಾದ ಮೇಲೊಂದು ನೋಡುತ್ತಿರುವವನು ಹೆಜ್ಜೆಯನ್ನೂ ಕದಲಿಸದೆ ದುಃಶ್ರುತಿ, ಅಪಧ್ಯಾನ ಎರಡನ್ನೂ ಸಂಪಾದಿಸುತ್ತಾನೆ. ಅವನನ್ನು ಜಗಲಿಯವರು ಸಂಭಾವಿತನೆಂದು ಕರೆಯುತ್ತಾರೆ, ಹೊರಗೆ ತಿರುಗಲಿಲ್ಲವಲ್ಲ ಎಂದು.

ಇನ್ನು ಎರಡನೆಯ ಮಾತು. ಮುಂಬಯಿಯ ಪಾವ್ ಭಾಜಿಯ ಅಂಗಡಿಯಲ್ಲಿ ‘ಜೈನ್’ ಎಂದು ಒಂದು ಮಾತು ಹೇಳಿದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳನ್ನು ಬಿಟ್ಟು, ಬಾಳೆಕಾಯಿ ಹಾಕಿ ಭಾಜಿ ಮಾಡಿಕೊಡುತ್ತಾರೆ. ಅಂಗಡಿಯವನ ಸೌಜನ್ಯ ದೊಡ್ಡದು. ಅವನನ್ನು ದೂರುವ ಕಾರಣವಿಲ್ಲ. ದೂರಬೇಕಾದದ್ದು ಆ ತಟ್ಟೆಯನ್ನು ರಾತ್ರಿ ಒಂಬತ್ತು ಗಂಟೆಗೆ ಕೈಯಲ್ಲಿ ಹಿಡಿದು, ಧರ್ಮ ಉಳಿಯಿತು ಎಂದುಕೊಳ್ಳುವ ಗಿರಾಕಿಯನ್ನು. ಆ ಭಾಜಿಯ ಮೇಲೆ ಕರಗುತ್ತಿರುವುದು ಬೆಣ್ಣೆಯ ಮುದ್ದೆ. ಫಲ ಅಲ್ಪ, ಘಾತ ಬಹಳ ಎಂದು ತೊರೆಯಬೇಕಾದ ವಸ್ತುಗಳಲ್ಲಿ ಆಚಾರ್ಯರು ಮೂಲಂಗಿ, ಹಸಿ ಶುಂಠಿ, ಬೇವಿನ ಹೂವು, ಕೇದಗೆಗಳ ಜೊತೆಗೆ ಬೆಣ್ಣೆಯನ್ನು ಹೆಸರಿಸಿಯೇ ಹೇಳಿದ್ದಾರೆ. ಆಲೂಗಡ್ಡೆಯ ಹೆಸರು ಅಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ಅದು ಪೋರ್ಚುಗೀಸರು ಬಂದ ಮೇಲೆ ಈ ದೇಶ ಕಂಡ ಗಡ್ಡೆ. ಅನಂತಕಾಯವಾದ್ದರಿಂದ ಅದನ್ನು ಬಿಡುವುದು ಸರಿಯೇ. ಆದರೆ ಗ್ರಂಥದಲ್ಲಿ ಹೆಸರಿಲ್ಲದ್ದನ್ನು ಬಿಟ್ಟು, ಹೆಸರಿರುವುದನ್ನು ಎರಡು ಪಾಲು ಹಾಕಿಸಿಕೊಂಡು, ನಿನ್ನೆ ಸುಟ್ಟ ಪಾವಿನೊಡನೆ, ಸೂರ್ಯ ಮುಳುಗಿ ಮೂರು ತಾಸಾದ ಮೇಲೆ ತಿನ್ನುವ ತಟ್ಟೆಗೆ ‘ಜೈನ್’ ಎಂಬ ಹೆಸರು ಎಲ್ಲಿಂದ ಬಂತು?

ಈ ಹೆಸರು ಒಂದು ಚೀಟಿ. ಚೀಟಿಯಲ್ಲಿ ಪ್ರಮಾಣದ ಮಾತಿಲ್ಲ. ‘ಜೈನ್’ ಪಿಜ್ಜಾ ಒಂದಾದರೂ ಅಷ್ಟೇ, ನಾಲ್ಕಾದರೂ ಅಷ್ಟೇ. ವ್ರತ ಕೇಳುವುದು ಎಷ್ಟು, ಎಂದು, ಎಷ್ಟು ಹೊತ್ತಿಗೆ ಎಂದು. ಚೀಟಿ ಹೇಳುವುದು ಏನು ಇಲ್ಲ ಎಂಬುದನ್ನು ಮಾತ್ರ. ಪರಿಮಾಣದ ಜಾಗದಲ್ಲಿ ಪಟ್ಟಿ ಬಂದು ಕುಳಿತ ಮೇಲೆ ಮಹಾನಗರದ ಜೈನ ಯುವಕನಿಗೆ ಅಂಗಡಿಯವನೇ ಗುರುವಾದನು. ಹೀಗೆ ತಿಂದವರಲ್ಲಿ ಓದಿದವರಾದರೆ ಭರತ ಚಕ್ರವರ್ತಿಯ ಹೆಸರನ್ನೂ ಎತ್ತುತ್ತಾರೆ. ಮೂಡುಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ರಚಿಸಿದ ಭರತೇಶ ವೈಭವದಲ್ಲಿ ಭರತನು ಉಣ್ಣುತ್ತಾನೆ, ಹಾಡು ಕೇಳುತ್ತಾನೆ, ನಾಟ್ಯ ನೋಡುತ್ತಾನೆ, ಹೌದು. ಆದರೆ ಆ ಕಾವ್ಯದ ಭರತನಿಗೆ ಭೋಗದ ನಡುವೆಯೇ ಕಣ್ಣು ಮುಚ್ಚಿ ಆತ್ಮವನ್ನು ನೋಡುವ ಅಭ್ಯಾಸವಿತ್ತು. ಉಣ್ಣುವುದನ್ನು ಮಾತ್ರ ಅವನಿಂದ ಕಲಿತು ಉಳಿದದ್ದನ್ನು ರತ್ನಾಕರನಿಗೇ ಬಿಟ್ಟುಕೊಡುವುದು ಜಾಣತನವೇ ಹೊರತು ಸ್ವಾಧ್ಯಾಯವಲ್ಲ.

ಆದರೂ ತಟ್ಟೆ ಹಿಡಿದವನ ಮೇಲೆಯೇ ಎಲ್ಲ ಹೊರೆಯನ್ನು ಹಾಕುವುದು ನ್ಯಾಯವಲ್ಲ. ಅವನಿಗೆ ಬೇರೆ ಯಾವ ದಾರಿ ಇತ್ತು ಎಂಬ ಪ್ರಶ್ನೆಯಿದೆ. ನವೆಂಬರ್ ಕೊನೆಯಲ್ಲಿ ಮುಂಬಯಿಯ ಸೂರ್ಯ ಸುಮಾರು ಆರು ಗಂಟೆಗೆ ಮುಳುಗುತ್ತಾನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಇರುವಾಗಲೇ ಊಟ ಮುಗಿಸುವ ಕಟ್ಟು ಉಳ್ಳವರು ಐದೂಕಾಲರ ಒಳಗೆ ಕೈ ತೊಳೆಯಬೇಕು. ಆಸ್ಪತ್ರೆಯಿಂದಾಗಲಿ ಕಚೇರಿಯಿಂದಾಗಲಿ ಹೊರಬಿದ್ದು, ನೂಕುನುಗ್ಗಲಿನ ರೈಲು ಹಿಡಿದು ಬರುವವನು ಆ ಹೊತ್ತಿಗೆ ಎಲ್ಲಿ ಉಣ್ಣಬೇಕು? ಧರ್ಮಶಾಲೆಯಲ್ಲಿ ಎಂದು ಸಹಜವಾಗಿ ಉತ್ತರ ಬರಬೇಕಾಗಿತ್ತು.

ಸೇಠ್ ಮಾಣಿಕಚಂದ ಹೀರಾಚಂದ ಝವೇರಿಯವರು (1851–1914) ಮುತ್ತಿನ ವ್ಯಾಪಾರದಲ್ಲಿ ಗಳಿಸಿದ ಹಣವನ್ನು ವಿದ್ಯಾರ್ಥಿಗಳ ಬೋರ್ಡಿಂಗುಗಳಿಗೂ ಮುಂಬಯಿಯ ಸಿ.ಪಿ. ಟ್ಯಾಂಕಿನ ಹೀರಾಬಾಗ್ ಧರ್ಮಶಾಲೆಗೂ ವಿನಿಯೋಗಿಸಿದರು. ಪರಸ್ಥಳದಿಂದ ಬಂದ ಶ್ರಾವಕನಿಗೆ ಮಹಾನಗರದಲ್ಲಿ ತನ್ನ ಆಚಾರವನ್ನು ಬಿಡದೆ ಇರಲು ನಾಲ್ಕು ಗೋಡೆಗಳು ಬೇಕು ಎಂಬುದು ಆ ಕಾಲದ ದಾನಿಗಳಿಗೆ ತಿಳಿದಿತ್ತು. ಇಂದು ಮುಂಬಯಿ, ಬೆಂಗಳೂರುಗಳಲ್ಲಿ ಹೊಸದಾಗಿ ಎದ್ದಿರುವ ಅತಿಥಿಗೃಹಗಳಲ್ಲಿ ಕೆಲವನ್ನು ನೋಡಿದರೆ (ಹೆಸರು ಬೇಡ, ನಡೆಸುವವರಿಗೆ ತಿಳಿದಿದೆ) ನೆಲಕ್ಕೆ ಅಮೃತಶಿಲೆಯಿದೆ, ಕೋಣೆಗೆ ಹವಾನಿಯಂತ್ರಣವಿದೆ, ದಾನಿಗಳ ಹೆಸರು ಕೊರೆದ ಫಲಕ ಒಂದು ಗೋಡೆಯುದ್ದಕ್ಕೂ ಇದೆ. ಅಡುಗೆಮನೆಯನ್ನು ಮಾತ್ರ ಗುತ್ತಿಗೆಗೆ ಕೊಟ್ಟಾಗಿದೆ. ಗುತ್ತಿಗೆದಾರನಿಗೆ ಅನುಕೂಲವಾದ ಹೊತ್ತು ರಾತ್ರಿ ಎಂಟು ಗಂಟೆ. ಐದು ಗಂಟೆಗೆ ಬಂದು ಕೇಳಿದ ವೃದ್ಧನಿಗೆ ಮುನೀಮ ಕೈ ತೋರಿಸುವುದು ಬೀದಿಯ ಕೊನೆಯ ಹೋಟೆಲಿನ ಕಡೆಗೆ. ರಾತ್ರಿ ಊಟವನ್ನು ತಾನೇ ಬಡಿಸುವ ಸಂಸ್ಥೆ, ಪಟ್ಟಣಕ್ಕೆ ಹೋದ ಹುಡುಗರು ರಾತ್ರಿ ಉಣ್ಣುತ್ತಾರೆ ಎಂದು ಪರ್ಯೂಷಣದ ಉಪನ್ಯಾಸದಲ್ಲಿ ಮರುಗುತ್ತದೆ.

ಇದರಲ್ಲಿ ಶ್ವೇತಾಂಬರ ಬಂಧುಗಳಿಂದ ಕಲಿಯುವುದು ಅವಮಾನವಲ್ಲ. ಮುಂಬಯಿಯಲ್ಲಿ ದುಡಿಯುವವರಿಗಾಗಿ ಸೂರ್ಯಾಸ್ತದೊಳಗೆ ಊಟ ಬಡಿಸುವ ಚೌವಿಹಾರದ ವ್ಯವಸ್ಥೆಯನ್ನು ಅವರು ಮಾಡಿಕೊಂಡಿದ್ದಾರೆ. ವೈಯಾವೃತ್ಯದಲ್ಲಿ ಸಮಂತಭದ್ರರು ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ಹೇಳಿದ್ದಾರೆ. ಅದು ಮುನಿಗಳ ಸೇವೆಯ ಪ್ರಕರಣ, ಗೃಹಸ್ಥನಿಗೆ ಅನ್ವಯಿಸದು ಎನ್ನುವವರು ಕನ್ನಡ ನಾಡಿನ ಬಸದಿಗಳ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರದಾನಗಳ ಮಾತನ್ನು ನೆನೆಯಲಿ. ಅಲ್ಲಿ ಆಹಾರದ ಹೆಸರು ಮೊದಲು ಬರುತ್ತದೆ. ಅಮೃತಶಿಲೆಯ ಹೆಸರು ಬರುವುದೇ ಇಲ್ಲ.

ಹಣವಿಲ್ಲ ಎಂಬ ಉತ್ತರವನ್ನು ಲೆಕ್ಕ ಬಲ್ಲವರು ಒಪ್ಪಲಾರರು. ದಿನಕ್ಕೆ ಐವತ್ತು ಜನ, ಒಂದು ಎಲೆಗೆ 80 ರೂಪಾಯಿ ಖರ್ಚು ಎಂದು ಹಿಡಿದರೆ 4,000 ರೂಪಾಯಿ. ಉಣ್ಣುವವನೇ 50 ರೂಪಾಯಿ ಕೊಟ್ಟರೆ ಟ್ರಸ್ಟಿನ ಮೇಲೆ ಬೀಳುವುದು ದಿನಕ್ಕೆ 1,500 ರೂಪಾಯಿ, ವರ್ಷಕ್ಕೆ 5,47,500. ಪಂಚಕಲ್ಯಾಣದಲ್ಲಿ ಕಲಶಗಳ ಸವಾಲು ಕೂಗುವುದನ್ನು ಕೇಳಿದವರಿಗೆ ಈ ಮೊತ್ತ ಎಷ್ಟರದೆಂದು ಹೇಳಬೇಕಾಗಿಲ್ಲ. ಜನ ಬರುವುದಿಲ್ಲ ಎಂಬುದು ಇನ್ನೊಂದು ಉತ್ತರ. ಎಂಟು ಗಂಟೆಗೆ ಬಾಗಿಲು ತೆರೆದು, ಐದು ಗಂಟೆಯವರು ಬರಲಿಲ್ಲ ಎಂದರೆ ಆಯಿತೇ? ನಾಲ್ಕೂವರೆಗೆ ಒಲೆ ಹೊತ್ತಿಸಿ ಆರು ತಿಂಗಳು ನೋಡಲಿ. ಬರಲಾರದವನಿಗೆ ಮಧ್ಯಾಹ್ನವೇ ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಡಬಹುದು. ಡಬ್ಬಿ ಮುಟ್ಟಿಸುವ ವಿದ್ಯೆಯನ್ನು ಮುಂಬಯಿಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಹಗಲಿನಲ್ಲೇ ಉಂಡು ಕೈ ತೊಳೆದ ಗೃಹಸ್ಥನಿಗೆ ಸಂಜೆ ಪೂರ್ತಿ ಉಳಿಯುತ್ತದೆ. ಅವನು ಸಮುದ್ರದ ಕಡೆ ನಡೆಯಬಹುದು, ತಿಂಗಳ ಆ ಒಂದು ಹಾಡು ಕೇಳಬಹುದು, ಪಾವ್ ಭಾಜಿಯ ತವೆಯ ಸದ್ದು ಕೇಳಿದರೂ ಹೊಟ್ಟೆ ತುಂಬಿದವನಾಗಿ ಮುಂದೆ ಹೋಗಬಹುದು. ಇಷ್ಟಕ್ಕೆ ಟ್ರಸ್ಟುಗಳು ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ, ಲೆಕ್ಕಪತ್ರ ಓದಿ ಮುಗಿಸಿದ ಮೇಲೆ, ಯಾರಾದರೂ ಒಬ್ಬ ಸದಸ್ಯರು ಎದ್ದು ನಿಂತು ಭೋಜನಶಾಲೆಯ ಬಾಗಿಲಲ್ಲಿ ತೂಗುವ ಹಲಗೆಯ ಮೇಲಿನ ‘ರಾತ್ರಿ 8ರಿಂದ’ ಎಂಬ ಬರಹ ಯಾರ ಒಪ್ಪಿಗೆಯಿಂದ ಬಂತು ಎಂದು ಕೇಳಿದರೆ ಸಾಕು.