ನಮ್ಮಜ್ಜಿ ಹಂಡೆ ಗುಜರಿಗೆ, ಯಾರದೋ ಹಂಡೆ ಹಾಲಿಗೆ!

ಭೋಸರಿಯ ನಮ್ಮ ಕನ್ನಡ ಮಂದಿಗೆ ಹಳೇ ಸಾಮಾನಿನ ಹುಚ್ಚು ಹಿಡಿದಿದೆ. ಫ್ಲಾಟಿನ ಹಾಲ್‌ನಲ್ಲಿ ತಾಮ್ರದ ಹಂಡೆ, ಅದರೊಳಗೆ ಪ್ಲಾಸ್ಟಿಕ್ ಹೂವು. ಗೋಡೆಗೊಂದು ಕಂದೀಲು, ಅದಕ್ಕೆ ಬತ್ತಿಯೇ ಇಲ್ಲ!

ಹಳೆಯದನ್ನು ಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಪುಣೆಯ ಮಂಗಳವಾರ ಪೇಟೆಯಲ್ಲಿ ಬುಧವಾರ, ಭಾನುವಾರ ಜುನಾ ಬಜಾರ್ ಸೇರುತ್ತದೆ. ಹೋಗಿ, ಚೌಕಾಸಿ ಮಾಡಿ, ತನ್ನಿ. ಆದರೆ ಊರಲ್ಲಿ ಮನೆ ಪಾಲಾದಾಗ ಅಜ್ಜಿಯ ಹಂಡೆಯನ್ನು ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟವರೇ, ಇಲ್ಲಿ ಯಾರದೋ ಅಜ್ಜಿಯ ಹಂಡೆಗೆ ಹತ್ತು ಪಟ್ಟು ಸುರಿದು ‘ಆಂಟಿಕ್’ ಅಂತ ತೋರಿಸುತ್ತಾರಲ್ಲ, ಇದಕ್ಕೆ ಏನನ್ನೋಣ ಸ್ವಾಮಿ? ಇನ್ನು ಕೆಲವರಿಗೆ ಹುಡುಕುವ ತಾಳ್ಮೆಯೂ ಇಲ್ಲ. ಹೊಸ ಮೇಜಿಗೇ ಸ್ಯಾಂಡ್‌ಪೇಪರ್ ಉಜ್ಜಿ ಹಳತು ಮಾಡಿದ್ದನ್ನು ಕೊಳ್ಳುತ್ತಾರೆ. ಸವೆತಕ್ಕೂ ರೊಕ್ಕ!

ಇದೇ ಪುಣೆಯ ದಿನಕರ ಕೇಳ್ಕರರು 1920ರ ಸುಮಾರಿನಿಂದ ದೀಪ, ಬೀಗ, ಅಡಕತ್ತರಿಗಳಂಥ ದಿನಬಳಕೆಯ ವಸ್ತುಗಳನ್ನು ಕೂಡಿಸಿದರು. ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ಮ್ಯೂಸಿಯಂ ಮಾಡಿ, 1975ರಲ್ಲಿ ಎಲ್ಲವನ್ನೂ ಸರಕಾರಕ್ಕೆ ಕೊಟ್ಟರು. ಅಲ್ಲಿ ಅಡಕತ್ತರಿಗೂ ಒಂದು ಮರ್ಯಾದೆ ಇದೆ.

ನಮ್ಮ ಫ್ಲಾಟು ಮ್ಯೂಸಿಯಂ ಅಲ್ಲವಲ್ಲ. ಇಲ್ಲಿ ಹಳೇ ಸಾಮಾನಿಗೆ ಮರ್ಯಾದೆ ಅಂದರೆ ಬಳಕೆ. ಹಂಡೆಗೆ ನೀರು ತುಂಬಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ಸಾರು ಕುದಿಸಿ. ಅದಕ್ಕೂ ಮೊದಲು ಊರಿಗೊಂದು ಫೋನ್ ಹಚ್ಚಿ, ಅಟ್ಟದ ಮೇಲೆ ಇನ್ನೂ ಏನೇನು ಉಳಿದಿದೆ ಅಂತ ಕೇಳಿ. ತಡ ಮಾಡಬೇಡಿ, ಗುಜರಿಯವನು ವಾರಕ್ಕೊಮ್ಮೆ ಕೇಳುತ್ತಲೇ ಇದ್ದಾನೆ.