ಇಂಟರ್‌ವ್ಯೂಗೆ ಹೊರಟ ಇಂಗ್ಲಿಷು

'ಪ್ರಾಕ್ಟಿಕಲ್ ಇಂಗ್ಲಿಷ್' ಎನ್ನುವ ಮಾತಿನ ಅರ್ಥ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಕಿರಿದಾಗಿದೆಯೆಂದರೆ, ಅದು ಕಿವಿಗೆ ಬಿದ್ದ ಕೂಡಲೇ ಹುಡುಗರು ಕಾಲರ್ ಸರಿಮಾಡಿಕೊಳ್ಳುತ್ತಾರೆ. ರೆಸ್ಯೂಮ್ ಬರೆಯುವುದು, ಗ್ರೂಪ್ ಡಿಸ್ಕಷನ್‌ನಲ್ಲಿ ನಡುವೆ ಬಾಯಿ ಹಾಕುವುದು, ಹೋಟೆಲಿನಲ್ಲಿ ರೂಮ್ ಕೇಳುವುದು. ಬಿ.ಕಾಂ. ಓದುವವನಿಗೂ ಇದೇ, ಭಾಷಾಂತರದ ಡಿಪ್ಲೊಮಾಕ್ಕೆ ಸೇರಿದವಳಿಗೂ ಇದೇ. ಮೊದಲನೆಯವನಿಗೆ ಇದರಿಂದ ಏನಾದರೂ ಪ್ರಯೋಜನ ಇದ್ದೀತು, ಅದು ನನ್ನ ತಕರಾರಲ್ಲ. ಎರಡನೆಯವಳಿಗೆ ಮಾತ್ರ ಇದು ಶುದ್ಧ ಮೋಸ.

ಹಲವು ವರ್ಷಗಳಿಂದ ಭಾಷಾಂತರದ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ನೋಡುತ್ತಾ ಬಂದಿದ್ದೇನೆ. ಅವರು ಎಡವುವುದು ಕಷ್ಟದ ಪದಗಳಲ್ಲಲ್ಲ. ಅವಕ್ಕೆ ನಿಘಂಟು ಇದೆ, ಈಗ ಫೋನೂ ಇದೆ. ಎಡವುವುದು ಎಲ್ಲರಿಗೂ ಗೊತ್ತಿದೆ ಎಂದುಕೊಂಡ ಪುಟ್ಟ ಪದಗಳಲ್ಲಿ. 'ಶೀ ಮಸ್ಟ್ ಹ್ಯಾವ್ ಲೆಫ್ಟ್' ಎಂಬ ಮೂರನೇ ತರಗತಿಯ ವಾಕ್ಯವನ್ನು ಕೊಟ್ಟು ನೋಡಿ. 'ಅವಳು ಹೋಗಲೇಬೇಕಾಗಿತ್ತು' ಎಂದು ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಅಷ್ಟಕ್ಕೇ ಕತೆ ಬುಡಮೇಲು! ಊಹೆ ಹೋಗಿ ಬಲವಂತ ಬಂತು, ಮನೆಬಿಟ್ಟ ಹೆಂಗಸು ಹೊರದಬ್ಬಿಸಿಕೊಂಡ ಹೆಂಗಸಾದಳು. ಸಂಕಟದ ಸಂಗತಿ ಏನೆಂದರೆ ಈ ವ್ಯತ್ಯಾಸ ಆ ವಿದ್ಯಾರ್ಥಿಗೆ ಹುಟ್ಟಿನಿಂದಲೇ ಗೊತ್ತು. 'ಹೋಗಬೇಕು' ಬೇರೆ, 'ಹೋಗಿರಬೇಕು' ಬೇರೆ. ನಮ್ಮ ಒಂದೇ 'ಬೇಕು' ಕಡ್ಡಾಯಕ್ಕೂ ಊಹೆಗೂ ದುಡಿಯುವ ಹಾಗೆಯೇ ಇಂಗ್ಲಿಷಿನ 'ಮಸ್ಟ್' ಕೂಡ ದುಡಿಯುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾವ ಸೆಮಿಸ್ಟರಿನಲ್ಲೂ ಇಲ್ಲ.

'ಎ', 'ದಿ'ಗಳ ಕತೆಯೂ ಇದೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಎಂದು ಹೇಳಿ ಮೇಷ್ಟರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಇಲ್ಲದಿದ್ದರೇನು, ಆ ಕೆಲಸ ನಮ್ಮಲ್ಲಿ ನಡೆಯುವುದೇ ಇಲ್ಲವೇ? 'ಪುಸ್ತಕ ತಂದಳು' ಎಂದರೆ ಯಾವುದೋ ಪುಸ್ತಕ ಇರಬಹುದು. 'ಪುಸ್ತಕವನ್ನು ತಂದಳು' ಎಂದಾಗ ನಾವಿಬ್ಬರೂ ಬಲ್ಲ ಆ ಪುಸ್ತಕದ ಕಡೆಗೆ ಮಾತು ವಾಲುತ್ತದೆ. ಇಂಗ್ಲಿಷಿನವರು ಹೆಸರಿನ ಹಿಂದೆ ಇಡುವುದನ್ನು ನಾವು ಎಷ್ಟೋ ಸಲ ವಿಭಕ್ತಿಯಲ್ಲಿ ಇಟ್ಟಿದ್ದೇವೆ. ಇನ್ನು 'ಹೇಳಿಬಿಟ್ಟ', 'ಹೇಳಿಕೊಂಡ', 'ಹೇಳಿಹಾಕಿದ' ಇವನ್ನು ಇಂಗ್ಲಿಷಿಗೆ ದಾಟಿಸುವುದು ಹೇಗೆಂದು ಒಂದು ಇಡೀ ತಿಂಗಳು ಜಗಳವಾಡಬಹುದು. ಮೂರಕ್ಕೂ 'ಸೆಡ್' ಎಂದು ಬರೆದು ಕೈತೊಳೆದುಕೊಳ್ಳುವವರನ್ನು ನಾವೇ ತಯಾರು ಮಾಡುತ್ತಿದ್ದೇವೆ.

ರಷ್ಯಾದ ಭಾಷಾಧ್ಯಯನ ವಿಭಾಗಗಳಲ್ಲೂ 'ಇಂಗ್ಲಿಷ್ ಭಾಷೆಯ ಪ್ರಾಕ್ಟಿಕಲ್ ಕೋರ್ಸ್' ಎಂಬ ಪಾಠವಿದೆ. ಅರಾಕಿನ್ ಸಂಪಾದಕತ್ವದ ಅದೇ ಹೆಸರಿನ ಪಠ್ಯಪುಸ್ತಕಮಾಲೆ ಒಂದೊಂದು ವರ್ಷಕ್ಕೆ ಒಂದೊಂದು ಪುಸ್ತಕದಂತೆ ಐದು ವರ್ಷಕ್ಕೆ ಹಬ್ಬಿದೆ. ಉಚ್ಚಾರ, ವ್ಯಾಕರಣ, ಕಥಾಭಾಗಗಳ ನಿಧಾನದ ಓದು, ತಾಯ್ನುಡಿಯಿಂದ ಇಂಗ್ಲಿಷಿಗೆ ಅನುವಾದದ ಅಭ್ಯಾಸ. ಅದರ ಜೊತೆಗೆ 'ಮನೆ ಓದು' ಎಂಬ ಪದ್ಧತಿ ಬೇರೆ: ಕಾದಂಬರಿಯೊಂದನ್ನು ಮನೆಯಲ್ಲಿ ಓದಿಕೊಂಡು ಬಂದು ತರಗತಿಯಲ್ಲಿ ಲೆಕ್ಕ ಒಪ್ಪಿಸಬೇಕು. ಅವರ ಪಠ್ಯ ನಮಗೆ ಹಾಗೆಯೇ ಒಗ್ಗುತ್ತದೆ ಎನ್ನುತ್ತಿಲ್ಲ, ಅದರಲ್ಲೂ ಹಳಸಲು ಸಾಕಷ್ಟಿದೆ. ಆದರೆ 'ಪ್ರಾಕ್ಟಿಕಲ್' ಪದಕ್ಕೆ ಅಲ್ಲಿ ಅಭ್ಯಾಸ ಎಂಬ ಅರ್ಥ ಇನ್ನೂ ಉಳಿದಿದೆ, ಸಂಗೀತದವರು ಬೆಳಗಿನ ಜಾವ ಸರಳೆ ವರಸೆ ಹಾಡುತ್ತಾರಲ್ಲ, ಆ ಅರ್ಥ.

'ವ್ಯಾಕರಣ ಅಂದರೆ ಹಳ್ಳಿ ಮಕ್ಕಳು ಹೆದರುತ್ತಾರೆ ಸಾರ್, ಮೊದಲು ಮಾತಾಡಲಿ' ಎನ್ನುತ್ತಾರೆ ಸಹೋದ್ಯೋಗಿಗಳು. ಈ ಕರುಣೆಯ ಮೇಲೆ ನನಗೆ ಸಿಟ್ಟಿದೆ. ಕಮ್ಯುನಿಕೇಶನ್ ಕ್ಲಾಸಿನಲ್ಲಿ ಗೆಲ್ಲುವವರು ಯಾರು? ಕಾನ್ವೆಂಟಿನಲ್ಲಿ ಓದಿ, ಬರುವಾಗಲೇ ನಾಲಿಗೆ ಪಳಗಿಸಿಕೊಂಡವರು. ಸಿಂಧನೂರಿನಿಂದಲೋ ಸಿದ್ದಾಪುರದಿಂದಲೋ ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂತು ತನಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಒಂದೇ ಪಾಠವನ್ನು ಎರಡು ವರ್ಷ ಕಲಿಯುತ್ತಾಳೆ. ಅದೇ ಹುಡುಗಿಯ ಮುಂದೆ ಒಂದು ಪುಟ ಇಂಗ್ಲಿಷ್ ಗದ್ಯ ಇಟ್ಟು, ಈ ವಾಕ್ಯ ನಿಮ್ಮೂರಿನ ಬಾಯಲ್ಲಿ ಹೇಗೆ ಬಂದೀತು ಎಂದು ಕೇಳಿ ನೋಡಿ. ಬಾಲದಂತೆ ತೂಗುವ ಇಂಗ್ಲಿಷ್ ಉಪವಾಕ್ಯವನ್ನು ಕನ್ನಡದಲ್ಲಿ ನಾಮಪದದ ಮುಂದಕ್ಕೆ ತಂದು ಕೂರಿಸುವ ಕಲೆ ಅವಳಿಗೆ ಗೊತ್ತಿದೆ. ಅದನ್ನು ಕಾನ್ವೆಂಟಿನ ಹುಡುಗ ಅವಳಿಂದಲೇ ಕಲಿಯಬೇಕು. ಅವಳ ಕನ್ನಡಕ್ಕೆ ಬೆಲೆ ಬರುವ ಒಂದೇ ಒಂದು ಇಂಗ್ಲಿಷ್ ತರಗತಿಯನ್ನು ನಾವು ಅವಳಿಗೇ ಕೊಡುತ್ತಿಲ್ಲ.

ಎ. ಕೆ. ರಾಮಾನುಜನ್ ಎಂದರೆ ಎಲ್ಲರೂ ಕವಿಹೃದಯ, ಪ್ರತಿಭೆ ಎಂದೆಲ್ಲ ಮಾತಾಡುತ್ತಾರೆ. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಕನ್ನಡ ವ್ಯಾಕರಣದ ಮೇಲೆ. ವಚನಗಳ 'ಸ್ಪೀಕಿಂಗ್ ಆಫ್ ಶಿವ' ಬಂದದ್ದು ಅದಾದ ಹತ್ತು ವರ್ಷಕ್ಕೆ, 'ಸಂಸ್ಕಾರ'ದ ಅನುವಾದ 1976ರಲ್ಲಿ. 2025ರಲ್ಲಿ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಇಂಟರ್‌ನ್ಯಾಷನಲ್ ಬುಕರ್ ಪಡೆದಾಗ ನಾವೆಲ್ಲ ಸಿಹಿ ಹಂಚಿದೆವು. ಅನುವಾದಕಿ ದೀಪಾ ಭಾಸ್ತಿ ಇಲ್ಲಿನ ಪದಗಳನ್ನು ಇಟಾಲಿಕ್ಸ್ ಇಲ್ಲದೆ ಇಂಗ್ಲಿಷಿನೊಳಗೆ ಹಾಗೇ ಬಿಟ್ಟರು. ಇಂಗ್ಲಿಷನ್ನು ಎಲ್ಲಿ ಬಗ್ಗಿಸಬಹುದು, ಎಲ್ಲಿ ಅದು ಮುರಿಯುತ್ತದೆ ಎಂದು ಕೈಗೆ ತಿಳಿದಿದ್ದರೆ ಮಾತ್ರ ಆ ಧೈರ್ಯ ಬರುತ್ತದೆ. ಹೋಟೆಲಿನಲ್ಲಿ ರೂಮ್ ಕೇಳುವ ಪಾಠದಿಂದ ಬರುವುದಿಲ್ಲ.

ಯಂತ್ರ ಬಂದಿದೆಯಲ್ಲ, ಇನ್ನೇಕೆ ಇದೆಲ್ಲ ಎನ್ನುವವರೂ ಇದ್ದಾರೆ. ಯಂತ್ರ ಬಂದದ್ದರಿಂದಲೇ ಬೇಕು. ಈಗ ಅನುವಾದಕರಿಗೆ ಬರುವ ಕೂಲಿಕೆಲಸದಲ್ಲಿ ಯಂತ್ರ ಉಗುಳಿದ್ದನ್ನು ತಿದ್ದುವುದೇ ಹೆಚ್ಚು. ವ್ಯಾಕರಣಕ್ಕೆ ಸರಿಯಾಗಿ, ನುಣ್ಣಗೆ ಇದ್ದು ಅರ್ಥ ಮಾತ್ರ ತಪ್ಪಿದ ವಾಕ್ಯವನ್ನು ಹಿಡಿಯಬೇಕಾದರೆ ಮೂಲವನ್ನು ಓದಲು ಬರಬೇಕು. ಆ ಓದನ್ನೇ ನಾವು ಪಠ್ಯದಿಂದ ತೆಗೆದಿದ್ದೇವೆ.

ನಾನು ಕೇಳುತ್ತಿರುವುದಕ್ಕೆ ದುಡ್ಡು ಬೇಡ. ಹೆಡ್‌ಫೋನುಗಳಿಗೆ ಧೂಳು ಹಿಡಿದು ಬೀಗ ಬಿದ್ದಿರುವ ಲ್ಯಾಂಗ್ವೇಜ್ ಲ್ಯಾಬೂ ಬೇಡ. ವಾರಕ್ಕೆ ನಾಲ್ಕು ಗಂಟೆ, ಒಂದು ಪುಟ, ಗಟ್ಟಿಯಾಗಿ ಓದು, ಕೈಯಲ್ಲಿ ಎರಡು ನಿಘಂಟು, ಪ್ರತಿ ವಾಕ್ಯಕ್ಕೂ ಕನ್ನಡದ ಎದುರುವಾಕ್ಯ. ಪರೀಕ್ಷೆಯಲ್ಲಿ ಅನುವಾದದ ಜೊತೆಗೆ ಈ ಪದ ಏಕೆ, ಆ ಪದ ಏಕಲ್ಲ ಎಂಬ ಟಿಪ್ಪಣಿಗೂ ಅಂಕ. ಅಡ್ಡಿ ಇರುವುದು ಬೇರೆ ಕಡೆ. ಈ ತರಗತಿಗೆ ಇಂಗ್ಲಿಷ್ ಮೇಷ್ಟರೊಬ್ಬರು, ಕನ್ನಡ ಮೇಷ್ಟರೊಬ್ಬರು ಒಟ್ಟಿಗೆ ಕೂರಬೇಕು. ನಾನು ಕಂಡ ಕ್ಯಾಂಪಸ್ಸುಗಳಲ್ಲಿ ಆ ಎರಡು ವಿಭಾಗಗಳು ಒಂದೇ ಕಾರಿಡಾರಿನಲ್ಲಿವೆ, ಮಧ್ಯಾಹ್ನದ ಚಹಾವನ್ನು ಮಾತ್ರ ಬೇರೆ ಬೇರೆ ಹೊತ್ತಿಗೆ ಕುಡಿಯುತ್ತವೆ.