ಗಾಲ್ಫ್ ಹುಲ್ಲಿಗೆ ಹೊಲ ಬರೆದುಕೊಡೋ ಮುಂಚೆ

ಈ ಸಲ ರಾಗಿ ಬಗ್ಗೆ ಬರೆಯಲ್ಲ, ದ್ರಾಕ್ಷಿ ಬೂದಿರೋಗದ ಬಗ್ಗೇನೂ ಬರೆಯಲ್ಲ. ಎರಡು ವಾರದಿಂದ ನಮ್ಮ ಸುತ್ತಿನ ಮೂರು ಊರಲ್ಲಿ ಒಂದೇ ಮಾತು. ಬಿಳಿ ಕಾರಲ್ಲಿ ಬಂದವರು ನಕ್ಷೆ ಹಾಸಿ, ಕಾಫಿ ಕುಡಿದು, "ಗಾಲ್ಫ್ ವಿಲ್ಲಾ ಮಾಡ್ತೀವಿ, ಜೆ.ಡಿ. ಮಾಡ್ಕೊಡಿ, ನೀವೂ ಪಾಲುದಾರರು" ಅಂತ ಹೇಳಿ ಹೋದ್ರು. ಅರ್ಧ ಜನ ಆಗಲೇ ಪಹಣಿ ಜೆರಾಕ್ಸ್ ಕೊಟ್ಟಿದ್ದಾರೆ. ನನ್ನ ಹತ್ರನೂ ಬಂದಿದ್ರು. ನಾನು ಕೊಟ್ಟಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ಅವರು ಹೇಳಿದ ಲೆಕ್ಕವನ್ನೇ ನೋಡೋಣ. ಒಟ್ಟು 220 ಎಕರೆ. ಅದರಲ್ಲಿ ಗಾಲ್ಫ್ ಮೈದಾನಕ್ಕೆ 120. ಉಳಿದ 100 ಎಕರೆಯಲ್ಲಿ ರಸ್ತೆ, ಪಾರ್ಕು, ಕ್ಲಬ್ ಹೌಸು ಕಳೆದರೆ ಸೈಟಿಗೆ ಸಿಗೋದು 55. ಆ 55ರಲ್ಲಿ ನಮಗೆ ನೂರಕ್ಕೆ ನಲವತ್ತು, ಅಂದ್ರೆ 22 ಎಕರೆ. 220 ಎಕರೆ ಕೊಟ್ಟವರಿಗೆ 22 ಎಕರೆ ಸೈಟು. ಒಂದು ಎಕರೆ ಕೊಟ್ಟವನಿಗೆ 4 ಗುಂಟೆ. ಅದೇ ಎಕರೆಯಲ್ಲಿ ಸುಮಾರು 22 ಗುಂಟೆ ಗಾಲ್ಫಿಗೆ ಹೋಗುತ್ತೆ. ಆ 22 ಗುಂಟೆ ಯಾರ ಹೆಸರಲ್ಲಿರುತ್ತೆ ಅಂತ ನಾನು ಕೇಳ್ದೆ. "ಅದು ಕಾಮನ್ ಸಾರ್, ಕಂಪನಿ ಹೆಸರಲ್ಲಿ ಇರುತ್ತೆ, ಕ್ಲಬ್ ನಡೆಸಬೇಕಲ್ಲ" ಅಂದ್ರು. ಈ ಒಂದು ಮಾತಲ್ಲೇ ಎಲ್ಲ ಇದೆ. ಮುಂದೆ ಹೇಳ್ತೀನಿ.

ಅವರು ತೋರಿಸಿದ ಬಣ್ಣದ ಪುಸ್ತಕದಲ್ಲಿ "ಶಾಶ್ವತ ಹಸಿರು" ಅಂತ ಇತ್ತು. ಅದನ್ನ ಓದಿ ನನಗೆ ಅನುಮಾನ ಬಂತು. ಬೇಸಾಯ ಮಾಡೋರಿಗೆ ಗೊತ್ತು, ಶಾಶ್ವತ ಹಸಿರು ಅನ್ನೋದು ಕಳ್ಳಿಗಿಡಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಇಲ್ಲ. ಅಮೆರಿಕದಲ್ಲಿರೋ ನಮ್ಮಕ್ಕನ ಮಗನಿಗೆ ಫೋನ್ ಹಾಕ್ದೆ. ಅವನು, "ಮಾಮ, ಇಲ್ಲಿ ಗಾಲ್ಫ್ ಕ್ಲಬ್ಬುಗಳು ಸದಸ್ಯರಿಲ್ಲದೆ ಬಾಗಿಲು ಹಾಕ್ಕೊಂಡು ಎಷ್ಟೋ ವರ್ಷ ಆಯ್ತು" ಅಂದ. ಆಮೇಲೆ ಅವನು ಕಳಿಸಿದ್ದನ್ನೆಲ್ಲ ನಿಧಾನಕ್ಕೆ ಓದಿಸಿಕೊಂಡು ಅರ್ಥ ಮಾಡ್ಕೊಂಡೆ.

ಅಮೆರಿಕದಲ್ಲಿ 1988ರಲ್ಲಿ ಆ ಆಟದ ದೊಡ್ಡ ಸಂಸ್ಥೆಯವರು, ದಿನಕ್ಕೊಂದು ಹೊಸ ಮೈದಾನ ಕಟ್ಟಬೇಕು ಅನ್ನೋ ಲೆಕ್ಕ ಹೇಳಿದ್ರು. ಕಟ್ಟೋರು ನಂಬಿ ಕಟ್ಟಿದ್ರು. 2000ನೇ ಇಸವಿ ಒಂದರಲ್ಲೇ ಹತ್ತಿರ ಹತ್ತಿರ 400 ಮೈದಾನ ಶುರುವಾದವು. ಅದರಲ್ಲಿ ಬಹಳಷ್ಟು, ಆಟಕ್ಕೆ ಅಂತ ಕಟ್ಟಿದ್ದಲ್ಲ. ಸುತ್ತಲಿನ ಮನೆಗಳನ್ನ ಜಾಸ್ತಿ ಬೆಲೆಗೆ ಮಾರೋಕೆ ಕಟ್ಟಿದ್ದು. ಮೀನಿಗೆ ಗಾಳಕ್ಕೆ ಎರೆಹುಳ ಸಿಕ್ಕಿಸ್ತೀವಲ್ಲ, ಹಾಗೆ. ಮನೆ ಮಾರಿ ಮುಗಿದ ಮೇಲೆ ಎರೆಹುಳಕ್ಕೆ ಯಾರು ಮೇವು ಹಾಕ್ತಾರೆ? 2006ರಿಂದ ಆಚೆಗೆ ಅಲ್ಲಿ ಹೊಸದಾಗಿ ತೆರೆದದ್ದಕ್ಕಿಂತ ಮುಚ್ಚಿದ್ದೇ ಜಾಸ್ತಿ. 2013ರಲ್ಲಿ ತೆರೆದದ್ದು 14, ಮುಚ್ಚಿದ್ದು 150ಕ್ಕೂ ಮೇಲೆ. ಇಂಗ್ಲೆಂಡಿನಲ್ಲಿ ಕ್ಲಬ್ ಸದಸ್ಯರು ಸುಮಾರು 8.8 ಲಕ್ಷ ಇದ್ದವರು ಹತ್ತು ಹನ್ನೆರಡು ವರ್ಷದಲ್ಲಿ 6.5 ಲಕ್ಷದ ಹತ್ತಿರಕ್ಕೆ ಇಳಿದ್ರು. ಆಟ ಹುಟ್ಟಿ ಬೆಳೆದ ಸ್ಕಾಟ್ಲೆಂಡಿನಲ್ಲೂ ಇದೇ ಕಥೆ.

ಜನ ಯಾಕೆ ಬಿಟ್ರು? ಹದಿನೆಂಟು ಗುಳಿ ಆಡಿ ಮುಗಿಸೋಕೆ ನಾಲ್ಕು ಗಂಟೆ ಬೇಕು. ಇಬ್ಬರೂ ದುಡಿಯೋ ಮನೆಯಲ್ಲಿ ಭಾನುವಾರ ಅಷ್ಟು ಹೊತ್ತು ಯಾರಿಗಿದೆ? ಹಳೇ ಸದಸ್ಯರಿಗೆ ವಯಸ್ಸಾಯ್ತು, ಹುಡುಗರು ಬರಲಿಲ್ಲ. ಹೆಂಗಸರನ್ನ ಸೇರಿಸಿಕೊಳ್ಳೋಕೆ ದೊಡ್ಡ ದೊಡ್ಡ ಕ್ಲಬ್ಬುಗಳೇ ಮೀನಮೇಷ ಎಣಿಸಿದವು. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್ ಅನ್ನೋ ಹೆಸರಾಂತ ಮೈದಾನದ ಕ್ಲಬ್ಬು 2016ರಲ್ಲಿ ಮತ ಹಾಕಿ ಹೆಂಗಸರು ಬೇಡ ಅಂತು. ದೊಡ್ಡ ಪಂದ್ಯ ಕೈ ತಪ್ಪುತ್ತೆ ಅಂತ ಗೊತ್ತಾದ ಮೇಲೆ 2017ರಲ್ಲಿ ಮತ್ತೆ ಮತ ಹಾಕಿ ಒಪ್ಪಿಕೊಂತು.

ಕ್ಲಬ್ ಸಾಯೋ ರೀತಿ ನಮಗೆ ಹೊಸದೇನಲ್ಲ. ನಮ್ಮ ಹಾಲಿನ ಡೇರಿ ನೋಡಿ. ನೂರು ಜನ ಹಾಲು ಹಾಕಿದ್ರೂ ಕಾರ್ಯದರ್ಶಿ ಸಂಬಳ ಅಷ್ಟೇ, ಕರೆಂಟ್ ಬಿಲ್ಲು ಅಷ್ಟೇ. ಮೂವತ್ತೇ ಜನ ಹಾಕಿದ್ರೂ ಖರ್ಚು ಕಮ್ಮಿ ಆಗಲ್ಲ. ಗಾಲ್ಫ್ ಹುಲ್ಲೂ ಹಾಗೇ. ಐನೂರು ಜನ ಆಡಿದ್ರೂ, ಐವತ್ತು ಜನ ಆಡಿದ್ರೂ ನೀರು ಬಿಡಬೇಕು, ಕತ್ತರಿಸಬೇಕು, ಔಷಧಿ ಹೊಡೀಬೇಕು. ಸದಸ್ಯರು ಕಮ್ಮಿ ಆದ ಕೂಡಲೇ ಉಳಿದವರಿಗೆ ಶುಲ್ಕ ಏರಿಸ್ತಾರೆ. ಶುಲ್ಕ ಏರಿದ ಕೂಡಲೇ ಇನ್ನಷ್ಟು ಜನ ಬಿಡ್ತಾರೆ. ಒಂದು ಹಂತ ದಾಟಿದ ಮೇಲೆ ನಿಲ್ಲಿಸೋಕೆ ಆಗಲ್ಲ.

ಜಪಾನಿನಲ್ಲಿ ಆದದ್ದಂತೂ ಇನ್ನೂ ಕೆಟ್ಟದು. 1980ರ ದಶಕದಲ್ಲಿ ಅಲ್ಲಿ ಕ್ಲಬ್ ಸದಸ್ಯತ್ವವನ್ನ ಸೈಟಿನ ಥರ ಕೊಂಡು ಮಾರ್ತಿದ್ರು. ಸೇರುವಾಗ ದೊಡ್ಡ ಠೇವಣಿ ಕಟ್ಟಬೇಕು, ಹತ್ತು ಹದಿನೈದು ವರ್ಷ ಆದ ಮೇಲೆ ಕೇಳಿದರೆ ವಾಪಸ್. ಆ ಠೇವಣಿ ದುಡ್ಡಲ್ಲೇ ಮೈದಾನ ಕಟ್ಟಿದ್ರು. 1990ರ ನಂತರ ಬೆಲೆ ಬಿತ್ತು, ಹತ್ತರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಎಲ್ಲರೂ ಒಟ್ಟಿಗೆ ಠೇವಣಿ ಕೇಳಿದ್ರು. ದುಡ್ಡು ಆಗಲೇ ಹುಲ್ಲಾಗಿತ್ತು. ನೂರಾರು ಕ್ಲಬ್ಬು ದಿವಾಳಿ ಆದವು. ಕೆಲವು ಮೈದಾನದ ಮೇಲೆ ಈಗ ಸೋಲಾರ್ ಪ್ಯಾನಲ್ ಹಾಸಿದ್ದಾರೆ.

ಇದಕ್ಕೆ ನಮ್ಮ ಬ್ರೋಕರ್ ಅಣ್ಣ ಏನಂತಾನೆ ಗೊತ್ತು. "ಅದು ಫಾರಿನ್ನು. ಬೆಂಗಳೂರಲ್ಲಿ ಕ್ಲಬ್ಬಿಗೆ ಸೇರೋಕೆ ವರ್ಷಗಟ್ಟಲೆ ಕಾಯ್ತಾರೆ" ಅಂತಾನೆ. ಒಪ್ತೀನಿ. ಆದ್ರೆ ಬೆಂಗಳೂರು ಗಾಲ್ಫ್ ಕ್ಲಬ್ಬು 1876ರದ್ದು, ನಮ್ಮ ಸೀಮೆಗೆ ಧಾತು ಈಶ್ವರದ ಬರ ಬಡಿದ ಕಾಲದ್ದು. ಪೇಟೆ ನಡುವೆ ಇದೆ. ಅದಕ್ಕೆ ಕ್ಯೂ ಇದೆ ಅಂದ ಮಾತ್ರಕ್ಕೆ ನಮ್ಮೂರ ಗುಡ್ಡದ ಹಿಂದಿನ ಮೈದಾನಕ್ಕೂ ಕ್ಯೂ ಇರುತ್ತೆ ಅನ್ನೋದು, ಕೋಲಾರದಲ್ಲಿ ಟೊಮೆಟೊ ಬೆಲೆ ಏರಿತು ಅಂತ ಎಲ್ಲರೂ ಟೊಮೆಟೊ ನಾಟಿ ಮಾಡಿದ ಹಾಗೆ. ಮೂರು ತಿಂಗಳಾದ ಮೇಲೆ ರಸ್ತೆ ಬದಿ ಸುರಿದದ್ದು ನಾವೇ ಅಲ್ವಾ?

ಕೊರೊನಾ ಆದ ಮೇಲೆ ಅಮೆರಿಕದಲ್ಲಿ ಆಡೋರು ಮತ್ತೆ ಜಾಸ್ತಿ ಆದ್ರು, ಅದೂ ನಿಜ. ಆದ್ರೂ ಕೆಲವು ಮೈದಾನ ಮುಚ್ತಾನೇ ಇವೆ. ಯಾಕೆ? ಊರು ಬೆಳೆದು ಹತ್ತಿರ ಬಂದಾಗ ಆಟಕ್ಕಿಂತ ಜಾಗಕ್ಕೆ ಬೆಲೆ ಜಾಸ್ತಿ. ಕ್ಲಬ್ ನಷ್ಟ ಆದ್ರೆ ಮಾರ್ತಾರೆ, ಲಾಭ ಇದ್ರೂ ಒಳ್ಳೆ ಬೆಲೆ ಬಂದ್ರೆ ಮಾರ್ತಾರೆ. ಈಗ ಆ 22 ಗುಂಟೆಗೆ ವಾಪಸ್ ಬನ್ನಿ. ಹತ್ತು ಹದಿನೈದು ವರ್ಷ ಆದ ಮೇಲೆ "ಸದಸ್ಯರಿಲ್ಲ, ನಷ್ಟ" ಅಂತ ಕ್ಲಬ್ ಮುಚ್ಚಿ ಆ 120 ಎಕರೆಯನ್ನ ಸೈಟು ಮಾಡಿದ್ರೆ ನಮಗೆ ಏನು ಸಿಗುತ್ತೆ? ಏನೂ ಇಲ್ಲ. ಅದು ಕಂಪನಿ ಹೆಸರಲ್ಲಿದೆ. ಗಾಲ್ಫ್ ಗೆದ್ದರೆ ಅವರದು, ಸೋತರೂ ಅವರದು. ಇದಕ್ಕೆ ಪಾಲುದಾರಿಕೆ ಅಂತಾರಾ?

ನೀರಿನ ಲೆಕ್ಕ ನಾನೇ ಹಾಕಿದೆ. 120ರಲ್ಲಿ ನೀರು ಬೇಕಾದ ಹುಲ್ಲು 75 ಎಕರೆ ಅಂತ ಇಟ್ಕೊಳ್ಳಿ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಅಂದ್ರೆ ಎಕರೆಗೆ 20 ಸಾವಿರ ಲೀಟರ್. 75 ಎಕರೆಗೆ 15 ಲಕ್ಷ ಲೀಟರ್. 5 ಸಾವಿರ ಲೀಟರ್ ಟ್ಯಾಂಕರ್ ದಿನಕ್ಕೆ 300. ನಾವು ಸಾವಿರದ ಇನ್ನೂರು ಅಡಿ ಕೊರೆಸಿ, ಸಾಲ ಮಾಡಿ, ಡ್ರಿಪ್ ಹಾಕ್ಕೊಂಡು ತೊಟ್ಟು ತೊಟ್ಟು ಬಿಡ್ತಿದೀವಿ. "ಸಂಸ್ಕರಿಸಿದ ಕೊಳಚೆ ನೀರು ತರ್ತೀವಿ" ಅಂದ್ರು. ಆ ನೀರು ಈಗ ನಮ್ಮ ಕೆರೆಗಳಿಗೆ ಬರ್ತಿದೆ. ಅದನ್ನ ಹುಲ್ಲಿಗೆ ತಿರುಗಿಸಿದ್ರೆ ಕೆರೆಗೆ ಎಲ್ಲಿಂದ? ಬೆಂಗಳೂರಿನ ಚಲ್ಲಘಟ್ಟದಲ್ಲಿ ಕೆರೆ ಇದ್ದ ಜಾಗದಲ್ಲೇ ಇವತ್ತು ಗಾಲ್ಫ್ ಆಡ್ತಾರೆ. ಮರೀಬೇಡಿ.

ಹೊಲ ಮಾರಲೇಬೇಡಿ ಅಂತ ನಾನು ಹೇಳಲ್ಲ. ಮಗಳ ಮದುವೆ, ಆಸ್ಪತ್ರೆ, ಸಾಲ, ಎಲ್ಲರ ಮನೆ ಕಷ್ಟ ನನಗೂ ಗೊತ್ತು. ನಾನೂ 2009ರಲ್ಲಿ 20 ಗುಂಟೆ ಮಾರಿದವನೇ. ಆದ್ರೆ ಮಾರೋದಾದ್ರೆ ಮಾರಿ, ದುಡ್ಡು ಎಣಿಸಿಕೊಂಡು ಬನ್ನಿ. ಇನ್ನೊಬ್ಬರ ಆಟಕ್ಕೆ ಸದಸ್ಯರು ಸಿಗ್ತಾರೆ ಅನ್ನೋ ನಂಬಿಕೆ ಮೇಲೆ ನಮ್ಮ ಹೊಲ ಇಡಬೇಡಿ.

ಜೆ.ಡಿ. ಮಾಡೇ ಮಾಡ್ತೀನಿ ಅನ್ನೋರು ಇಷ್ಟು ಕೇಳಿ. ಒಂದು, ಗಾಲ್ಫ್ ಜಾಗದಲ್ಲೂ ನಮ್ಮ ಪಾಲು ನಮ್ಮ ಹೆಸರಲ್ಲೇ ಇರಬೇಕು. ಕ್ಲಬ್ ಮುಚ್ಚಿದ್ರೆ ಆ ಜಾಗ ಏನಾಗುತ್ತೆ ಅಂತ ನೋಂದಣಿ ಆದ ಪತ್ರದಲ್ಲೇ ಬರೆದಿರಬೇಕು. ಎರಡು, ವಾಪಸ್ ಪಡೆಯೋಕೆ ಆಗದ ಜಿ.ಪಿ.ಎ.ಗೆ ಸಹಿ ಬೇಡ. ಮೂರು, ನಮ್ಮ ಜಮೀನು ಅಡ ಇಟ್ಟು ಅವರು ಬ್ಯಾಂಕ್ ಸಾಲ ತಗೊಳ್ಳಂಗಿಲ್ಲ ಅಂತ ಬರೆಸಿ, ವರ್ಷಕ್ಕೆರಡು ಸಲ ಇ.ಸಿ. ತೆಗೆಸಿ ನೋಡಿ. ನಾಲ್ಕು, ಇಷ್ಟು ವರ್ಷದಲ್ಲಿ ಕೆಲಸ ಶುರು ಆಗದಿದ್ರೆ ಅಡ್ವಾನ್ಸ್ ವಾಪಸ್ ಕೇಳದೆ ಒಪ್ಪಂದ ರದ್ದು ಅಂತಿರಬೇಕು. ಐದು, ನೀರು ಎಲ್ಲಿಂದ ಅನ್ನೋದು ಬರಹದಲ್ಲಿ ಬೇಕು.

ಬರಹ ಯಾಕೆ ಮುಖ್ಯ ಅಂದ್ರೆ, ಅಮೆರಿಕದ ಫೀನಿಕ್ಸಿನಲ್ಲಿ ಅವಾಟುಕಿ ಲೇಕ್ಸ್ ಅನ್ನೋ ಮೈದಾನವನ್ನ 2013ರಲ್ಲಿ ಮುಚ್ಚಿದ್ರು, ಅಲ್ಲಿ ಮನೆ ಕಟ್ಟೋ ಯೋಚನೆ ಬಂತು. ಸುತ್ತಲಿನ ಮನೆಯವರು ಕೋರ್ಟಿಗೆ ಹೋದ್ರು. ಆ ಜಾಗ ಗಾಲ್ಫಿಗೇ ಇರಬೇಕು ಅಂತ ಹಳೇ ಪತ್ರದಲ್ಲಿ ಬರೆದಿತ್ತು. ವರ್ಷಗಟ್ಟಲೆ ಕೇಸು ನಡೆದು, ಮತ್ತೆ ಮೈದಾನ ಮಾಡಿಕೊಡು ಅಂತ ಆದೇಶ ಆಯ್ತು. ಬಾಯಿಮಾತಲ್ಲಿ ಇದ್ದಿದ್ರೆ ಗೆಲ್ತಿದ್ರಾ?

2020ರಲ್ಲಿ ಭೂ ಸುಧಾರಣೆ ಕಾಯ್ದೆ ತಿದ್ದುಪಡಿ ಆದ ಮೇಲೆ ಬೇಸಾಯ ಮಾಡದವರೂ ನಮ್ಮ ಹೊಲ ಕೊಳ್ಳಬಹುದು. ಇನ್ನು ನಮ್ಮನ್ನ ಕಾಯೋದು ನಮ್ಮ ಸಹಿ ಒಂದೇ. ಪಕ್ಕದ ಚನ್ನರಾಯಪಟ್ಟಣ ಹೋಬಳಿ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು, 1,777 ಎಕರೆ ಸ್ವಾಧೀನ ಕೈಬಿಡ್ತೀವಿ ಅಂತ 2025ರ ಜುಲೈನಲ್ಲಿ ಸರ್ಕಾರದ ಬಾಯಲ್ಲೇ ಹೇಳಿಸಿದ್ರು. ಅಲ್ಲಿ ಕಿತ್ಕೊಳ್ಳೋಕೆ ಬಂದಿದ್ರು, ಜಗಳ ಆಡಿದ್ರು. ಇಲ್ಲಿ ಕಾಫಿ ಕುಡಿಸಿ ನಾವೇ ಕೊಡ್ತಿದೀವಿ.

ಪಹಣಿ ಕೊಟ್ಟವರು ಹೆದರಬೇಡಿ. ಜೆರಾಕ್ಸ್ ಕೊಟ್ರೆ ಜಮೀನು ಹೋಗಲ್ಲ, ಸಹಿ ಹಾಕಿದ್ರೆ ಹೋಗುತ್ತೆ. ಅವರು ಕೊಟ್ಟಿರೋ ಒಪ್ಪಂದದ ಕರಡು ಯಾರ ಹತ್ರ ಇದೆಯೋ ಅವರು ಭಾನುವಾರ ಬೆಳಗ್ಗೆ ಹಾಲು ಹಾಕಿ ಆದ ಮೇಲೆ ಅರಳಿಕಟ್ಟೆ ಹತ್ರ ತನ್ನಿ. ಎಲ್ಲರೂ ಕೂತು ಒಂದೊಂದು ಸಾಲು ಓದೋಣ. ಮನೆ ಹೆಂಗಸರನ್ನೂ ಕರ್ಕೊಂಡು ಬನ್ನಿ, ಜಮೀನು ಅವರದ್ದೂ ಹೌದು. ಅಲ್ಲೀತನಕ ಯಾರೂ ಅಡ್ವಾನ್ಸ್ ಚೆಕ್ಕು ಬ್ಯಾಂಕಿಗೆ ಹಾಕಬೇಡಿ.